ಏಕೆ ಎಂದು ಕೇಳುವುದಿಲ್ಲ, ಎಲ್ಲಿ ಎಂದಷ್ಟೇ ತೋರಿಸಿ

ಮಾನ್ಯ ಕಾರಾಗೃಹದ ಮುಖ್ಯಸ್ಥರೇ,

ನನ್ನ ತಮ್ಮ ಸತ್ತ ಜಾಗವನ್ನು ಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಉಳಿದಿದ್ದಾನೆ. ಅವನು ನಿಮ್ಮ ಸುಪರ್ದಿಯಲ್ಲಿದ್ದಾನೆ. ಒಂದು ಬೆಳಗಿನ ಮಟ್ಟಿಗೆ, ಬೇಡಿ ಹಾಕಿಯೇ, ನಿಮ್ಮ ಪಹರೆಯಲ್ಲೇ ಅವನನ್ನು ಕರೆತಂದು ಆ ಜಾಗ ತೋರಿಸಿ ಎಂದು ಕೇಳಿಕೊಂಡೆವು. ಆಗದು ಎಂದಿರಿ. ಅದಕ್ಕೆ ನೀವು ಕೊಟ್ಟ ಕಾರಣ ಹೀಗಿದೆ: ಈ ಕೈದಿಗೆ ಶಿಕ್ಷೆಯಾಗಿರುವುದು ಹೈಜಾಕ್ ಅಪರಾಧಕ್ಕೆ, ಹೈಜಾಕ್ ಆದದ್ದು ಒಂದು ಕಾರು, ಆದ್ದರಿಂದ ನೊಂದವರು ಕಾರಿನ ಮಾಲೀಕರು, ಕೈದಿಯನ್ನು ಕಾಣಲು ಅರ್ಜಿ ಹಾಕುವ ಹಕ್ಕು ನೊಂದವರಿಗೆ ಮಾತ್ರ. ಆ ಕಾರು ಓಡಿಸುತ್ತಿದ್ದವನ ತಾಯಿಯೂ ಅಕ್ಕನೂ ನಿಮ್ಮ ಲೆಕ್ಕದಲ್ಲಿ ದಾರಿಹೋಕರು.

ನಾನು ಕಾಟ್ಲೆಹಾಂಗ್‌ನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಹೈಜಾಕ್ ಎಂಬ ಪದ ನಮ್ಮ ಪಾಠದಲ್ಲೇ ಇದೆ. ದಾರಿಯಲ್ಲಿ ಹೋಗುತ್ತಿರುವ ವಾಹನವನ್ನು ಬಲವಂತದಿಂದ ವಶಪಡಿಸಿಕೊಳ್ಳುವುದು ಎಂದು ನಿಘಂಟು ಹೇಳುತ್ತದೆ. ಉದಾಹರಣೆಗೆ ವಿಮಾನದ ಚಿತ್ರ ಹಾಕಿದ್ದಾರೆ. ನಮ್ಮ ಮಕ್ಕಳಲ್ಲಿ ವಿಮಾನ ಹತ್ತಿದವರು ಯಾರೂ ಇಲ್ಲ. ಆದರೆ ಈ ಪದ ಗೊತ್ತಿಲ್ಲದ ಮಗುವೂ ಇಲ್ಲ. ವಾಕ್ಯ ಮಾಡಿ ಎಂದರೆ ಒಬ್ಬಳು ಬರೆದಳು: ನಮ್ಮ ಮಾವನನ್ನು ಹೈಜಾಕ್ ಮಾಡಿದರು, ಅದಕ್ಕೇ ಈಗ ಅವರು ನಡೆದೇ ಹೋಗುತ್ತಾರೆ. ಇನ್ನೊಬ್ಬ ಬರೆದ: ಅಕ್ಕನ ಮದುವೆಯ ಮಾತುಕತೆಯನ್ನು ಅತ್ತೆ ಹೈಜಾಕ್ ಮಾಡಿದಳು. ಇಡೀ ತರಗತಿಯಲ್ಲಿ ಒಬ್ಬರಾದರೂ ಬರಿಯ ಕಾರನ್ನು ಹೈಜಾಕ್ ಮಾಡಿಸಲಿಲ್ಲ. ನಮ್ಮ ಊರಿನಲ್ಲಿ ಈ ಪದ ಬೀಳುವುದು ಮನುಷ್ಯರ ಮೇಲೆ. ಅದು ಎಲ್ಲಿಂದ ಬಂತೆಂದು ಪಂಡಿತರಿಗೂ ಖಚಿತವಿಲ್ಲ. ಅಮೆರಿಕದಲ್ಲಿ ಪಾನನಿಷೇಧವಿದ್ದ ಕಾಲದಲ್ಲಿ ದರೋಡೆಕೋರರು ಕಳ್ಳ ಹೆಂಡದ ಲಾರಿಗೆ ಅಡ್ಡ ನಿಂತು, 'ಹೈ, ಜಾಕ್', ಅಂದರೆ 'ಏನಪ್ಪಾ ಜಾಕ್' ಎಂದು ಚಾಲಕನನ್ನು ಮಾತಾಡಿಸಿ ಆಮೇಲೆ ಬಂದೂಕು ತೋರಿಸುತ್ತಿದ್ದರಂತೆ. ಕಟ್ಟುಕಥೆಯೇ ಇರಬಹುದು. ಆದರೂ ಆ ಕಥೆಯ ಕಳ್ಳರು ಎದುರಿಗಿದ್ದವನನ್ನು ಹೆಸರಿಟ್ಟು ಕರೆದರು. ನಿಮ್ಮ ಕಚೇರಿಯ ಉತ್ತರದಲ್ಲಿ ಕಾರಿನ ಬಣ್ಣವಿದೆ, ನೋಂದಣಿ ಸಂಖ್ಯೆಯಿದೆ, ನನ್ನ ತಮ್ಮನ ಹೆಸರಿಲ್ಲ. ಅವನ ಹೆಸರು ವುಸುಮುಝಿ ಝುಂಗು.

ವುಸುಮುಝಿ ಬೇರೆಯವರ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ. ಒಂದು ಸಂಜೆ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಾಗ ಇಬ್ಬರು ಬಂದರು. ಕಾರು ಮಾರನೆಯ ದಿನ ಸಿಕ್ಕಿತು, ಒಂದು ಗೀರೂ ಇಲ್ಲದೆ. ತಮ್ಮ ಆಮೇಲೆ ಸಿಕ್ಕಿದ, ಊರಾಚೆಯ ಜೋಳದ ಹೊಲವೊಂದರ ಅಂಚಿನಲ್ಲಿ. ದೇಹವನ್ನು ಎನ್‌ಕುಟುವಿನ ನಮ್ಮ ಹಳ್ಳಿಮನೆಗೆ ಒಯ್ದು ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಮಣ್ಣು ಮಾಡಿದರೆ ನಮ್ಮಲ್ಲಿ ಅರ್ಧ ಕೆಲಸವಷ್ಟೇ ಮುಗಿದಂತೆ. ಮನೆಯಿಂದ ದೂರದಲ್ಲಿ, ಹೀಗೆ ಸತ್ತವನು ಉಸಿರು ಬಿಟ್ಟ ಜಾಗದಲ್ಲೇ ನಿಂತಿರುತ್ತಾನೆ, ಯಾರಾದರೂ ಬಂದು ಕರೆಯುವವರೆಗೆ. ಒಂದು ಮುಳ್ಳು ಮುಂದಕ್ಕೆ ಚಾಚಿ ಇನ್ನೊಂದು ಹಿಂದಕ್ಕೆ ಬಾಗಿರುವ ಆ ಮರದ ಕೊಂಬೆ ಹಿಡಿದು ಮನೆಯ ಹಿರಿಯ ಅಲ್ಲಿಗೆ ಹೋಗಬೇಕು, ಕುಲದ ಹೆಸರು ಹೇಳಿ ಕರೆಯಬೇಕು, ಕೊಂಬೆಯ ಜೊತೆ ಅವನನ್ನು ಮನೆಗೆ ತರಬೇಕು. ಮನೆ ಮುಟ್ಟುವ ತನಕ ಕೊಂಬೆ ಹಿಡಿದವನು ಬದುಕಿರುವವರ ಜೊತೆ ಮಾತಾಡುವಂತಿಲ್ಲ. ಇದನ್ನು ನಿಮಗೆ ಬಿಡಿಸಿ ಹೇಳಬೇಕೇ? ನಿಮ್ಮ ಮನೆತನದ ಹೆಸರು ನೋಡಿದರೆ ನೀವೂ ನಮ್ಮವರೇ, ನಿಮ್ಮ ಅಜ್ಜನನ್ನೋ ಮುತ್ತಜ್ಜನನ್ನೋ ಯಾವುದಾದರೂ ಚಿನ್ನದ ಗಣಿಯ ಬಾಯಿಂದ ಹೀಗೇ ಕರೆತಂದಿರಬೇಕು.

ಘಟನೆ ನಡೆದದ್ದೆಲ್ಲಿ ಎಂದು ಪೊಲೀಸರನ್ನು ಕೇಳಿದೆವು. ಸಿಗ್ನಲ್ಲಿನಲ್ಲಿ ಎಂದರು. ಅಲ್ಲೇ ಗುಂಡು ಹೊಡೆದು, ದೇಹವನ್ನು ಹೊಲಕ್ಕೆ ಒಯ್ದು ಎಸೆದಿದ್ದಾರೆಂದು ನಾವು ತಿಳಿದೆವು. ನಾನೂ ಅಪ್ಪನ ತಮ್ಮ ಫಾನ್ಯಾನಾ ಚಿಕ್ಕಪ್ಪನೂ ಕೊಂಬೆ ಹಿಡಿದು ಹೋದೆವು. ಅಷ್ಟರಲ್ಲಿ ಅಲ್ಲಿ ಹೊಸ ಫಲಕ ನೆಟ್ಟಿದ್ದರು: ಇದು ಹೈಜಾಕ್ ನಡೆಯುವ ಜಾಗ, ಎಚ್ಚರ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದುಕೊಂಡೆ. ಆ ಫಲಕದ ಕೆಳಗೆ ಮುದುಕನೊಬ್ಬ ಮುಳ್ಳುಕೊಂಬೆ ಹಿಡಿದು ಗಾಳಿಯ ಜೊತೆ ಮಾತಾಡುತ್ತಿದ್ದರೆ ಕಾರಿನವರಿಗೆ ಹೇಗಿರಬೇಡ? ನಮ್ಮನ್ನೇ ಕಳ್ಳರೆಂದು ತಿಳಿದು, ಗಾಜು ಏರಿಸಿ, ಕೆಂಪು ದೀಪ ಹಾರಿಸಿಕೊಂಡು ಹೋದರು. ಯಾರೋ ಫೋನ್ ಮಾಡಿರಬೇಕು, ಪೊಲೀಸ್ ಗಾಡಿ ಬಂತು. ಇಳಿದ ಪೇದೆ ಚಿಕ್ಕ ವಯಸ್ಸಿನವನು.

"ಏನ್ ತಾತಾ, ಇಲ್ಲೇನ್ ಕೆಲಸ?" ಎಂದ. ಚಿಕ್ಕಪ್ಪ ಕುಲದ ಹೆಸರು ಹೇಳಿ ಕರೆಯುತ್ತಲೇ ಇದ್ದರು. "ಕಿವಿ ಕೇಳ್ಸಲ್ವಾ? ನಿನ್ನನ್ನೇ ಕೇಳ್ತಿರೋದು."

"ಅವರು ಈಗ ಮಾತಾಡೋ ಹಾಗಿಲ್ಲಪ್ಪ," ಎಂದೆ. "ನನ್ನ ತಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದೀವಿ."

ಪೇದೆ ಕೊಂಬೆ ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ತಪ್ಪಾಯ್ತಕ್ಕ," ಎಂದು, ನಮ್ಮ ಕೆಲಸ ಮುಗಿಯುವ ತನಕ ಗಾಡಿಯನ್ನು ಅಡ್ಡ ನಿಲ್ಲಿಸಿ ವಾಹನಗಳನ್ನು ತಡೆದ. ಸರ್ಕಾರದ ಕಡೆಯಿಂದ ನಮಗೆ ಈವರೆಗೆ ಸಿಕ್ಕಿರುವ ಮರ್ಯಾದೆ ಅದೊಂದೇ.

ಊರಿಗೆ ಹೋಗುವ ವ್ಯಾನಿನಲ್ಲಿ ಮೂರು ಸೀಟು ಹಿಡಿದೆ. ಚಾಲಕ ತಿರುಗಿ, ನಡುವಿನ ಸೀಟು ಯಾರಿಗೆ ಎಂದು ಕೇಳಿದ. ತಮ್ಮನಿಗೆ ಎಂದೆ. ಅವನು ರೇಡಿಯೋ ಆರಿಸಿದ, ಮತ್ತೆ ಹಾಕಲಿಲ್ಲ. ದಾರಿಯುದ್ದಕ್ಕೂ ಚಿಕ್ಕಪ್ಪ ಆ ಸೀಟಿಗೆ ಹೇಳುತ್ತಲೇ ಇದ್ದರು: "ಈಗ ವಾಲ್ ನದಿ ದಾಟ್ತಿದೀವಿ, ಮಗಾ. ಹೆದರಬೇಡ, ಸೇತುವೆ ಗಟ್ಟಿಯಾಗಿದೆ. ಇನ್ನೇನ್ ಬಂದೇ ಬಿಡ್ತು, ಅಮ್ಮ ಕಾಯ್ತಿದಾಳೆ."

ಅಮ್ಮ ಅಂಗಳದಲ್ಲೇ ಇದ್ದಳು. ಕೊಂಬೆಯನ್ನು ಒಳಗೆ ಒಯ್ದು ಹಿರಿಯರ ಜಾಗದಲ್ಲಿ ಇಟ್ಟರು, ಮೇಕೆ ಕಡಿದರು, ಬಂದವರು ಉಂಡರು. ಎಲ್ಲ ಮುಗಿದ ಮೇಲೆ ಅಮ್ಮ ನನ್ನ ಶಾಲಿನ ತುದಿ ಹಿಡಿದು, "ಬರೀ ಕೊಂಬೆ ತಂದಿದೀರಲ್ಲೇ," ಎಂದಳು. ದುಃಖದಲ್ಲಿ ಏನೋ ಅನ್ನುತ್ತಾಳೆ ಎಂದುಕೊಂಡೆ. ಆಮೇಲೆ ಅವಳಿಗೆ ಕನಸು ಶುರುವಾಯಿತು. ಮಗ ಬರುತ್ತಾನೆ, ಬೈಯುವುದಿಲ್ಲ, ಅಳುವುದಿಲ್ಲ, ಒಂದೇ ಮಾತು ಹೇಳುತ್ತಾನೆ: "ನೀವು ಹೋಗಿದ್ ಕಡೆ ಸಿಗ್ನಲ್ ದೀಪ ಇತ್ತಲ್ಲಮ್ಮಾ. ನಾನಿರೋ ಕಡೆ ದೀಪಾನೇ ಇಲ್ಲ."

ನೀವು ಕನಸನ್ನು ನಂಬಬೇಕಾಗಿಲ್ಲ. ನ್ಯಾಯಾಲಯದಲ್ಲಿ ವೈದ್ಯರು ಹೇಳಿದ್ದನ್ನು ನಂಬಿ. ಸಿಗ್ನಲ್ಲಿನಲ್ಲಿ ಅವನಿಗೆ ಏನೂ ಆಗಿರಲಿಲ್ಲ. ಅವನನ್ನು ಕಾರಿನ ಹಿಂದಿನ ಡಿಕ್ಕಿಯಲ್ಲಿ ತುಂಬಿ ಸುತ್ತಾಡಿಸಿದರು. ಸತ್ತದ್ದು ಮತ್ತೆಲ್ಲೋ, ಹೊಲದ ಅಂಚಿಗೆ ತಂದು ಹಾಕಿದ್ದು ಆಮೇಲೆ. ಪೊಲೀಸರು ನಮಗೆ ಸುಳ್ಳು ಹೇಳಿರಲಿಲ್ಲ. ಹೈಜಾಕ್ ನಡೆದ ಜಾಗ ಸಿಗ್ನಲ್ಲೇ, ಏಕೆಂದರೆ ಕಾರು ಕೈಬದಲಾದದ್ದು ಅಲ್ಲಿ. ಕಾರಿನ ಒಳಗಿದ್ದವನಿಗೆ ಆಮೇಲೆ ಏನಾಯಿತೆಂಬುದಕ್ಕೆ ಆ ಪದದಲ್ಲಿ ಜಾಗವಿಲ್ಲ. ನ್ಯಾಯಾಲಯದ ಬೆಂಚಿನ ಮೇಲೆ ಕೂತು ಇದನ್ನು ಕೇಳುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ವ್ಯಾನು. ನಾವು ಖಾಲಿ ಸೀಟಿಗೆ ನದಿ ತೋರಿಸಿಕೊಂಡು ಬಂದಿದ್ದೆವು. ಅವನು ಆಗಲೂ ಎಲ್ಲೋ ಕತ್ತಲಲ್ಲಿ ನಮ್ಮ ದಾರಿ ಕಾಯುತ್ತಿದ್ದ.

ಬಂದೂಕು ಹಿಡಿದಿದ್ದವನು ಪೊಲೀಸರ ಗುಂಡಿಗೆ ಸತ್ತ, ಕೊಲೆಯ ಆರೋಪವೂ ಅವನ ಜೊತೆಗೇ ಮಣ್ಣಾಯಿತು. ಸ್ಟೀರಿಂಗ್ ಹಿಡಿದಿದ್ದ ಇನ್ನೊಬ್ಬ ಹೈಜಾಕ್ ಒಂದನ್ನೇ ಒಪ್ಪಿಕೊಂಡು ನಿಮ್ಮಲ್ಲಿಗೆ ಬಂದ.

ನೀವು ಹೇಳಿದ ಆ ನೊಂದವರನ್ನೂ ಹೋಗಿ ಕಂಡೆ. ಪಾಪ, ಕೆಟ್ಟವರಲ್ಲ, ಚಹಾ ಕೊಟ್ಟರು. "ಕಾರು ವಾಪಸ್ ಬಂತಲ್ಲಮ್ಮಾ, ನನಗೆ ಯಾರ ಮೇಲೂ ದೂರಿಲ್ಲ. ನಾನ್ ಅರ್ಜಿ ಹಾಕಿದ್ರೆ ಅವನ ಕಡೆಯೋರಿಗೆ ನನ್ನ ಮುಖ ಗೊತ್ತಾಗತ್ತೆ," ಎಂದರು. ಹೊರಗೆ ಆ ಕಾರು ತೊಳೆದು ಹೊಳೆಯುತ್ತಾ ನಿಂತಿತ್ತು. ಅದರ ಡಿಕ್ಕಿಯ ಕಡೆ ನೋಡದೆ ಗೇಟು ದಾಟಿದೆ.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ. ಆದರೆ ಹೋದ ತಿಂಗಳು ಒಬ್ಬ ಹೆಂಗಸು ಎನ್‌ಕುಟುವಿನ ನಮ್ಮ ಮನೆಗೆ ಬಂದು ಗೇಟಿನ ಹೊರಗೇ ನಿಂತಳು. ನಿಮ್ಮ ಕೈದಿಯ ತಾಯಿ. ಅಮ್ಮ ಅವಳನ್ನು ಒಳಗೆ ಕರೆಯಲಿಲ್ಲ, ಓಡಿಸಲೂ ಇಲ್ಲ. ಅವಳು ನಿಂತಲ್ಲಿಂದಲೇ ಹೇಳಿದಳು.

"ನನ್ನ ಮಗನೂ ಮಲಗಲ್ಲ, ತಾಯಿ. ಯಾರೋ ಡಿಕ್ಕಿ ಬಡಿತಾರೆ ಅಂತ ಎದ್ದು ಕೂರ್ತಾನೆ. ಜಾಗ ತೋರಿಸ್ತೀನಿ ಅಂತಾನೆ. ಬಾಯಲ್ಲಿ ಹೇಳೋಕಾಗಲ್ಲವಂತೆ, ಹೆಸರಿಲ್ಲದ ಮಣ್ಣು ದಾರಿ. ಕಣ್ಣಾರೆ ನೋಡಿದ್ರೆ ಗುರುತು ಹಿಡೀತೀನಿ ಅಂತಾನೆ."

ಅಮ್ಮ ಕೇಳಿದ್ದು ಒಂದೇ: "ನನ್ನ ಮಗ ಕೊನೇಲಿ ಯಾರನ್ನ ಕರೆದ?"

ಆ ತಾಯಿ ತಲೆ ತಗ್ಗಿಸಿದಳು. "ನಿನ್ನನ್ನೇ," ಎಂದಳು. ಅಮ್ಮ ಒಳಗೆ ಹೋಗಿ ಒಂದು ಲೋಟ ನೀರು ತಂದು ಗೇಟಿನ ಮೇಲಿಂದ ಅವಳಿಗೆ ಕೊಟ್ಟಳು.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಿದೆ. ಇಲ್ಲಿ ಕಳ್ಳ ಕೊಡುತ್ತೇನೆಂದರೂ ಕಾವಲಿನವರು ಕೊಡುತ್ತಿಲ್ಲ. ತೋರಿಸಲು ಅವನು ಸಿದ್ಧ, ನೋಡಲು ನಾವು ಸಿದ್ಧ. ಇಬ್ಬರು ತಾಯಂದಿರು ಗೇಟಿನ ಎರಡು ಕಡೆ ನಿಂತು ಇತ್ಯರ್ಥ ಮಾಡಿಕೊಂಡದ್ದನ್ನು ನಿಮ್ಮ ಇಲಾಖೆ ಒಂದು ಪದದ ಅರ್ಥ ಹಿಡಿದು ತಡೆದಿದೆ. ಯಾವ ಕಾನೂನಿನಲ್ಲಿದೆ ಸ್ವಾಮಿ, ಗೀರು ಬೀಳದ ಕಾರಿನವರು ನೊಂದವರು, ಮಗ ಹೋದವಳು ದಾರಿಹೋಕಳು ಎಂದು?

ಅವರು ನನ್ನ ತಮ್ಮನನ್ನು ಏಕೆ ಕೊಂದರು ಎಂದು ನಾವು ಕೇಳುವುದಿಲ್ಲ. ಕ್ಷಮಿಸಿದ್ದೇವೆ ಎಂದು ಸುಳ್ಳು ಹೇಳುವುದೂ ಇಲ್ಲ. ನನಗಂತೂ ಇನ್ನೂ ಆಗಿಲ್ಲ. ಚಳಿಗಾಲ ಬರುವ ಮುನ್ನ ನಿಮ್ಮ ಕೈದಿಯನ್ನು ಆ ದಾರಿಗೆ ಕರೆತನ್ನಿ, ಇಷ್ಟೇ ನಮ್ಮ ಬೇಡಿಕೆ. ಚಳಿಗಾಲದ ಕೊನೆಗೆ ಬಯಲಿನ ಹುಲ್ಲಿಗೆಲ್ಲ ಬೆಂಕಿ ಹಚ್ಚುತ್ತಾರೆ, ಆಮೇಲೆ ಎಲ್ಲ ಒಂದೇ ಕಪ್ಪು, ಯಾವ ಗುರುತೂ ಉಳಿಯುವುದಿಲ್ಲ. ಅಮ್ಮನ ಎದೆಯ ಕಫವೂ ಚಳಿಗಾಲಕ್ಕೆ ಹೆದರುವಂಥದ್ದು. ಚಿಕ್ಕಪ್ಪನ ಕಾಲು ಬಿದ್ದುಹೋಗಿರುವುದರಿಂದ ಈ ಸಲ ಕೊಂಬೆ ಹಿಡಿಯುವವಳು ಅಮ್ಮನೇ. ಹೆಂಗಸು ಹಿಡಿಯಬಾರದು ಎಂದ ಹಿರಿಯರಿಗೆ, "ಅವನು ಕರೆದಿದ್ದು ನನ್ನನ್ನ, ನಾನೇ ಓಗೊಡ್ತೀನಿ," ಎಂದು ಬಿಟ್ಟಿದ್ದಾಳೆ. ಕೊಂಬೆ ಕಡಿದು ಇಟ್ಟಿಲ್ಲ, ಒಣಗಿಬಿಡುತ್ತದೆ. ನೀವು ಹೂಂ ಎಂದ ದಿನ ಕಡಿಯುತ್ತೇವೆ. ನಿಮ್ಮ ಕಾವಲುಗಾರರು ಏನು ಕೇಳಿದರೂ ನಾನು ಉತ್ತರ ಕೊಡುತ್ತೇನೆ, ಅವಳನ್ನು ಮಾತ್ರ ಮಾತಾಡಿಸಬೇಡಿ ಎಂದು ಮೊದಲೇ ಹೇಳಿಡಿ. ಅವಳು ಮಗನಿಗೆ ಮನೆಯ ದಾರಿ ಹೇಳುತ್ತಿರುತ್ತಾಳೆ.

ಇಂತಿ,
ನಿಮ್ಮ ಕಚೇರಿಯ ಲೆಕ್ಕದಲ್ಲಿ ಏನನ್ನೂ ಕಳೆದುಕೊಳ್ಳದವಳು,
ಹ್ಲೆಂಗಿವೆ ಝುಂಗು,
ವುಸುಮುಝಿಯ ಅಕ್ಕ