ಕಪ್ಪಾಗದ ಹಿಮ

ಸೆಪ್ಟೆಂಬರ್ ೧೯, ಶುಕ್ರವಾರ

ಅಕ್ಕನಿಗೆ ಇನ್ನೂ ಫೋನ್ ಮಾಡಿಲ್ಲ.

ಅವಳ ಊರಿಗೆ ನೀರು ಕೊಡುವ ಹಿಮನದಿಯ ಉಪಗ್ರಹ ಚಿತ್ರ ಸೋಮವಾರ ಬಂದಿತ್ತು. ಹಿಮ ಕರಗುತ್ತ ವರ್ಷವರ್ಷವೂ ಬೆಟ್ಟದ ಮೇಲೇರುತ್ತಿದ್ದ ಹಿಮದ ಗೆರೆ ಈ ಸಲ ಕೆಳಗಿಳಿದಂತೆ ಕಂಡಿತು. ಖುಷಿ ತಡೆಯಲಾರದೆ ಅವಳಿಗೆ ಹೇಳಿಬಿಟ್ಟೆ. "ನಾನು ಬೀದಿಗೆಲ್ಲ ಡಂಗುರ ಸಾರಿಬಿಟ್ಟೆ ಕಣೋ" ಎಂದು ಮರುದಿನ ಅವಳು ನಕ್ಕಿದ್ದಳು.

ಇವತ್ತು ಪಕ್ಕದ ಮೇಜಿನ ಹದ್ದಿನಕಣ್ಣಿನ ಮೇಡಂ ನಾನೆಳೆದ ಗೆರೆ ನೋಡಿ, "ಇನ್ಫ್ರಾರೆಡ್‌ನಲ್ಲಿ ನೋಡಿದ್ರಾ?" ಎಂದರು. ನೋಡಿರಲಿಲ್ಲ, ಆಸೆ ಕಣ್ಣು ಕಟ್ಟಿತ್ತು. ಆ ಚಿತ್ರದಲ್ಲಿ ಹಿಮ ಕಪ್ಪಾಗಿ ಕಾಣುತ್ತದೆ, ಮೋಡ ಬೆಳ್ಳಗೇ ಉಳಿಯುತ್ತದೆ. ಹೊಸಬರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ. ಹಾಕಿ ನೋಡಿದೆವು. ನನ್ನ ಹಿಮದಲ್ಲಿ ಅರ್ಧಕ್ಕರ್ಧ ಬೆಳ್ಳಗೇ ಕೂತಿತ್ತು.

"ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್" ಎಂದರು ಮೇಡಂ, ಮೆಲ್ಲಗೆ. ಬೈದಿದ್ದರೇ ಚೆನ್ನಾಗಿತ್ತು.

ಅಳಿಸಿ ಮತ್ತೆ ಎಳೆದೆ. ಗೆರೆ ಹೋದ ವರ್ಷಕ್ಕಿಂತ ಮೇಲೆಯೇ ಇದೆ. ಪರದೆಯ ಮೇಲೆ ಅಳಿಸುವುದು ಒಂದು ಕ್ಷಣದ ಕೆಲಸ. ಅಕ್ಕನ ಬೀದಿಯಲ್ಲಿ ಅಳಿಸುವುದು ಹೇಗೆ?

ಇಷ್ಟು ಬರೆಯುವಷ್ಟರಲ್ಲಿ ಅವಳದೇ ಮೆಸೇಜು ಬಂತು: "ಸಂಜೆ ಮೋಡ ಸರೀತು ಕಣೋ. ಎಲ್ಲರೂ ಮಾಳಿಗೆ ಹತ್ತಿದ್ವಿ. ನೀನು ಹೇಳಿದ ಗೆರೆ ಕಾಣಿಸ್ತಿಲ್ಲ. ಎಲ್ಲಿ ನೋಡ್ಬೇಕು ಹೇಳು."