ಇಪ್ಪತ್ತಾರನೇ ಟ್ಯೂಬು

ಅಮ್ಮ,

ಇವತ್ತು ಹತ್ತು ಗಂಟೆಗೆ ನಮ್ಮ ಆಸ್ಪತ್ರೆಗೆ ಬಾ. ಹೊಟ್ಟೆಯ ಸ್ಕ್ಯಾನ್ ಇದೆ, ಏನೂ ತಿನ್ನಬೇಡ. "ಒಂದೇ ಗುಟುಕು ಕಾಫಿ ಕುಡಿದೆ ಕಣೇ" ಅನ್ನೋ ಕಥೆ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ಚೀಲದಲ್ಲಿದೆ, ಸ್ಕ್ಯಾನ್ ಮುಗಿದು ತಿಂಡಿ ತಿನ್ನುವಾಗ ನುಂಗು.

ಯಾಕೆ ಅಂತ ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ಮೂರು ತಿಂಗಳ ಹಿಂದೆ ನಮ್ಮ ಲ್ಯಾಬಿನ ಅಧ್ಯಯನಕ್ಕೆ ರಕ್ತ ಕೊಟ್ಟೆಯಲ್ಲ, "ನನ್ನ ಕಾಯಿಲೆ ಯಾರಿಗಾದರೂ ಉಪಯೋಗಕ್ಕೆ ಬರಲಿ" ಅಂತ ನಗುತ್ತಾ. ಸಕ್ಕರೆ ಕಾಯಿಲೆಯವರ ಸಾಲಿನಲ್ಲಿ ನಿನ್ನದು ಇಪ್ಪತ್ತಾರನೇ ಟ್ಯೂಬು. ನಾವು ಅಳೆಯುವ ಒಂದು ಅಂಶ ಅದರಲ್ಲಿ, ಹೋಲಿಕೆಗೆ ಇಟ್ಟ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನವರ ಸಾಲಿನಷ್ಟೇ ಏರಿತ್ತು. ಟ್ಯೂಬು ಅದಲುಬದಲಾಗಿದೆ ಅಂತ ಬರೆದು ಪಕ್ಕಕ್ಕಿಟ್ಟೆ. ಬೇರೆ ಯಾರದ್ದಾಗಿದ್ದರೂ ಅದೇ ದಿನ ಮತ್ತೆ ನೋಡುತ್ತಿದ್ದೆ. ನಿನ್ನದು ಅಂತ ಗೊತ್ತಿದ್ದರಿಂದಲೇ ನೋಡಲಿಲ್ಲ.

ನೀನು ಸಣ್ಣಗಾದಾಗ ಪಥ್ಯ ಕೈಹಿಡಿಯಿತು ಅಂತ ಹೊಗಳಿದವಳೂ ನಾನೇ, ನಿನ್ನ ಬಟ್ಟೆಗಳನ್ನೆಲ್ಲ ಬಿಗಿ ಮಾಡಿ ಹೊಲಿದುಕೊಟ್ಟವಳೂ ನಾನೇ.

ಮೊನ್ನೆ ಸಕ್ಕರೆ ನೋಡಲು ತೆಗೆದ ರಕ್ತದಲ್ಲಿ, ನಿನಗೆ ಹೇಳದೆ, ಆ ಅಂಶವನ್ನೂ ನೋಡಿದೆ. ಇನ್ನೂ ಏರಿದೆ. ಇದೊಂದರಿಂದಲೇ ಕ್ಯಾನ್ಸರ್ ಅನ್ನಲಾಗದು. ಏನೂ ಇಲ್ಲ ಅಂತ ಸುಳ್ಳು ಧೈರ್ಯ ಹೇಳಲೂ ನನ್ನಿಂದಾಗದು.

ಇವತ್ತು ಮತ್ತೆ ರಕ್ತ ತೆಗೆಯುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಉದ್ದ ಜಡೆಯವಳು ಕಾಯುತ್ತಿರುತ್ತಾಳೆ. ಎಡಗೈಯಲ್ಲೇ ನರ ಸಿಗುತ್ತೆ ಅಂತ ಹೇಳು. ಮಗಳೇ ತೆಗೆಯಲಿ ಅಂತ ಹಟ ಮಾಡಬೇಡ. ನಾನು ಬಾಗಿಲ ಹೊರಗೆ ನಿನ್ನ ಚೀಲ ಹಿಡಿದು ಕೂತಿರುತ್ತೇನೆ.

ಟ್ಯೂಬಿಗೆ ನಿನ್ನ ಹೆಸರು ಅಂಟಿಸುವುದನ್ನು ಕಣ್ಣಾರೆ ನೋಡು. ಅದಲುಬದಲಾಗಿದೆ ಅಂತ ನಾನು ಇನ್ನೊಂದು ಸಲ ಹೇಳಬಾರದು.