ಸ ಹೋಗಿ ಶ ಆಯಿತು

ಮಾರ್ಚ್ ೧೪, ಶುಕ್ರವಾರ

ಮೂರು ದಿನದಿಂದ ಭೂತಗನ್ನಡಿಯಲ್ಲಿ ಆ ಸೂಜಿಯನ್ನೇ ನೋಡಿ ನೋಡಿ ಕಣ್ಣು ಉರಿಯುತ್ತಿದೆ. ರೆಕಾರ್ಡ್ ಪ್ಲೇಯರಿನಲ್ಲಿ ಮೊದಲಿದ್ದ ಸೂಜಿ ಚೆನ್ನಾಗಿಯೇ ಇತ್ತು. ಇನ್ನೂ ಚೆನ್ನಾಗಿ ಕೇಳಬೇಕೆಂಬ ಚಪಲಕ್ಕೆ ಯಾರೋ ಬಳಸಿದ, ಸೂಜಿ ಸಮೇತದ ಕಾರ್ಟ್ರಿಜ್ ತಂದೆ. “ಐವತ್ತು ಗಂಟೇನೂ ಓಡಿಲ್ಲ ಸಾರ್, ಹೊಸದೇ ಅನ್ಕೊಳ್ಳಿ” ಎಂದಿದ್ದ ರಿಪೇರಿ ಅಂಗಡಿಯವನು. ಮುಂದಿನಿಂದ ನೋಡಿದರೆ ತುದಿ ದುಂಡಗಿದೆ, ಪಕ್ಕದಿಂದ ನೋಡಿದರೆ ಚಪ್ಪಟೆಯಾಗಿ ಮಿಂಚುತ್ತದೆ. ಮಿಂಚುವುದು ಸವೆತವೋ ಟೇಬಲ್ ಲೈಟೋ, ದೇವರಿಗೇ ಗೊತ್ತು.

ಕಿವಿಯನ್ನೇ ನಂಬೋಣವೆಂದು ಸಂಜೆ ಅಣ್ಣ ಕೊಟ್ಟ ರೆಕಾರ್ಡು ಹಾಕಿದೆ. ಪರೀಕ್ಷೆಗೆ ಒಳ್ಳೆಯದೇ ಬೇಕಲ್ಲ! ನಮ್ಮಿಬ್ಬರಿಗೂ ಇಷ್ಟದ ಕೊನೆಯ ಹಾಡನ್ನು ನಾಲ್ಕು ಸಲ ಕೇಳಿದೆ. ಶಾಲೆಯ ಮಕ್ಕಳ ಉಕ್ತಲೇಖನ ತಿದ್ದುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು: “ಏನ್ರೀ, ಆಯಮ್ಮಂಗೆ ಸ ಹೇಳೋಕೆ ಬರಲ್ವಾ? ಸರಸ ಅನ್ನೋದನ್ನ ಶರಶ ಅಂತಿದಾರೆ.”

ಸವೆದ ಸೂಜಿ ಮೊದಲು ಕೆಡಿಸುವುದು ಸಕಾರವನ್ನೇ. ಅಂಗಡಿಯವನಿಗೆ ಶಾಪ ಹಾಕುತ್ತ ಅದನ್ನು ಕಿತ್ತು, ನನ್ನ ಹಳೆಯ ಸೂಜಿಯನ್ನೇ ಕೂರಿಸಿ ಅದೇ ಹಾಡು ಹಾಕಿದೆ.

“ಈಗ್ಲೂ ಶರಶಾನೇ” ಎಂದಳು, ಯಾರದೋ ತಪ್ಪಿಗೆ ಕೆಂಪು ಸುತ್ತು ಹಾಕುತ್ತ.

ಸೂಜಿಯ ಪರೀಕ್ಷೆಗೆಂದು ಹೋಗಿ ರೆಕಾರ್ಡನ್ನೇ ಕೆರೆದು ಹಾಳು ಮಾಡಿದ್ದೇನೆ. ಭಾನುವಾರ ಅಣ್ಣ ಬರುತ್ತಾನೆ. ಬಂದವನೇ “ನಮ್ ಹಾಡು ಹಾಕೋ” ಅನ್ನುತ್ತಾನೆ. ಹಾಕುತ್ತೇನೆ. “ಶ್ವಲ್ಪ ಶಹಿಶಿಕೋ ಅಣ್ಣಾ” ಎಂದು ಮೊದಲೇ ಹೇಳಿಬಿಡುತ್ತೇನೆ.